ಕೊರಳಿನ ಗಂಟು: ಜೀವಕೋಶಗಳ ವಂಶನಿರ್ಣಯವನ್ನು ಕುರಿತು

ಕೊರಳಿನಲ್ಲಿಯಾಗಲಿ ಕಂಕುಳಲ್ಲಿಯಾಗಲಿ ನೋವಿಲ್ಲದ ಗಂಟೊಂದು ಕಾಣಿಸಿಕೊಂಡರೆ ನಮ್ಮ ಕಡೆಯ ಹಿರಿಯರು ಅದನ್ನು ಗಂಡಮಾಲೆಯೆಂದು ಕರೆಯುವ ವಾಡಿಕೆಯುಂಟು. ಆ ಹೆಸರಿನಲ್ಲಿ ಅವರ ಅನುಭವವು ಅಡಗಿದೆ. ನಮ್ಮ ದೇಶದಲ್ಲಿ ಬಹುದಿನ ಕರಗದೆ ನಿಲ್ಲುವ ಇಂಥ ಗಂಟುಗಳಿಗೆ ಕ್ಷಯವು ಮುಖ್ಯ ಕಾರಣಗಳಲ್ಲೊಂದು. ಆದರೆ ಕ್ಷಯವಲ್ಲದ ಮತ್ತೊಂದು ವ್ಯಾಧಿಯೂ ಇದೇ ಸ್ಥಳದಲ್ಲಿ, ಇದೇ ರೂಪದಲ್ಲಿ ತಲೆದೋರುವುದುಂಟು. ಅದಕ್ಕೆ ವೈದ್ಯರು ಲಿಂಫೋಮ ಎನ್ನುವರು. ದುಗ್ಧಗ್ರಂಥಿಗಳ ಅರ್ಬುದವೆಂದು ಅದರ ಅರ್ಥ. ಸಂಜೆಯ ಜ್ವರ, ರಾತ್ರಿಯ ಬೆವರು, ಮೈ ಇಳಿದುಹೋಗುವುದು, ಈ ಮೂರೂ ಎರಡು ವ್ಯಾಧಿಗಳಲ್ಲಿಯೂ ಸಮಾನವಾಗಿರುವುದರಿಂದ ಹೊರಗಿನ ಲಕ್ಷಣಗಳನ್ನು ನೋಡಿದ ಮಾತ್ರಕ್ಕೆ ಇದು ಇಂಥದೇ ಎಂದು ಹೇಳಲು ಬಾರದು.

ಮುಂಡರಗಿ ತಾಲೂಕಿನ ಡಂಬಳದಲ್ಲಿ ಹದಿನೈದು ವರುಷದ ಒಬ್ಬ ಬಾಲಕಿಯ ಕೊರಳಿನಲ್ಲಿ ಇಂಥ ಗಂಟು ಎದ್ದಿದೆಯೆಂದು ಭಾವಿಸೋಣ. ಅದು ಕ್ಷಯವಾಗಿದ್ದರೆ ಸಾಮಾನ್ಯವಾಗಿ ಆರು ತಿಂಗಳ ಔಷಧದಿಂದ ಗುಣವಾಗುವುದು. ಆ ಔಷಧವು ಸರಕಾರದ ಆಸ್ಪತ್ರೆಯಲ್ಲಿ ಧರ್ಮಾರ್ಥವಾಗಿ ದೊರೆಯುವುದು. ಅದು ಲಿಂಫೋಮವಾಗಿದ್ದು, ಕ್ಷಯವೆಂದೇ ತಿಳಿದು ಆರು ತಿಂಗಳನ್ನು ಕಳೆದರೆ, ಗುಣವಾಗತಕ್ಕ ಕಾಲವು ಕೈತಪ್ಪಿ ಹೋಗಬಹುದು. ಇನ್ನು ಲಿಂಫೋಮವೆಂದು ನಿಶ್ಚಯವಾದ ಮೇಲೆಯೂ ಪ್ರಶ್ನೆಯು ಮುಗಿಯಲಿಲ್ಲ. ಲಿಂಫೋಮವೆಂಬುದು ಒಂದೇ ವ್ಯಾಧಿಯ ಹೆಸರಲ್ಲ. ಹಲವು ಹತ್ತು ವ್ಯಾಧಿಗಳ ಮನೆತನದ ಹೆಸರು. ಕೆಟ್ಟುಹೋದ ಜೀವಕೋಶವು ಯಾವ ವಂಶದ್ದೆಂಬುದನ್ನು ಅರಿಯದೆ ಔಷಧವನ್ನು ಆರಿಸುವುದು ಸಾಧ್ಯವಿಲ್ಲ. ಈ ವಂಶವನ್ನು ಜೀವಕೋಶದ ಒಳಗಿನ ಬರವಣಿಗೆಯಿಂದಲೇ ಓದುವ ಕ್ರಮವೊಂದನ್ನು ನಮ್ಮ ಶಾಲೆಯ ಹಿಂದಿನ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ತಿಳಿಯುವಂತೆ ವಿವರಿಸಬೇಕೆಂದು ಈ ಲೇಖನವನ್ನು ಬರೆಯುತ್ತೇವೆ. ಹಿಂದಿನ ವಿದ್ಯಾರ್ಥಿನಿಯರಲ್ಲಿ ದಾದಿಯರಾಗಿಯೂ ಪ್ರಯೋಗಶಾಲೆಗಳಲ್ಲಿಯೂ ಕೆಲಸಮಾಡುವವರಿಗೆ ಇದರಲ್ಲಿ ಕೆಲವು ಸಂಗತಿಗಳು ಹಳೆಯವಾಗಿ ತೋರಿದರೆ ಅವರು ಸೈರಿಸಿಕೊಳ್ಳಬೇಕು.

ನಮ್ಮ ರಕ್ತದಲ್ಲಿಯೂ ದುಗ್ಧಗ್ರಂಥಿಗಳಲ್ಲಿಯೂ ಲಿಂಫೋಸೈಟುಗಳೆಂಬ ಬಿಳಿಯ ಕಣಗಳಿವೆ. ದೇಹದ ಕಾವಲು ಇವುಗಳ ಕೆಲಸ. ಇವುಗಳಲ್ಲಿ ಮುಖ್ಯವಾಗಿ ಎರಡು ವಂಶಗಳು. ಬಿ-ಕೋಶಗಳೆಂಬವು ಎಲುಬಿನ ಮಜ್ಜೆಯಲ್ಲಿ ಬೆಳೆದು ಪ್ರತಿಕಾಯಗಳನ್ನು ತಯಾರಿಸುವುವು. ಟಿ-ಕೋಶಗಳೆಂಬವು ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಪಳಗಿ, ತಮ್ಮ ಮೈಮೇಲೆ ಧರಿಸಿದ ಗ್ರಾಹಕದಿಂದ ಶತ್ರುವನ್ನು ಗುರುತಿಸುವುವು. ಇವೆರಡೂ ಅಲ್ಲದ ಎನ್.ಕೆ. ಕೋಶಗಳೆಂಬ ಮೂರನೆಯ ಗುಂಪೂ ಒಂದುಂಟು. ಅದರ ಮಾತು ಮುಂದೆ ಬರುವುದು. ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ಬಿ-ಕೋಶವೂ ಸಣ್ಣ ಟಿ-ಕೋಶವೂ ಅವಳಿಮಕ್ಕಳಂತೆ ಒಂದೇ ಸಮನಾಗಿ ಕಾಣುವುವು.

ಲೋಕದಲ್ಲಿ ರೋಗಾಣುಗಳು ಎಣಿಸಲಾರದಷ್ಟು. ಒಂದೊಂದಕ್ಕೂ ತಕ್ಕ ಪ್ರತಿಕಾಯವನ್ನು ಮಾಡಲು ಒಂದೊಂದು ವಂಶವಾಹಿಯು ಬೇಕಾಗಿದ್ದರೆ ನಮ್ಮ ವರ್ಣತಂತುಗಳಲ್ಲಿ ಅಷ್ಟಕ್ಕೆ ಸ್ಥಳವೇ ಸಾಲದು. ಹೀಗಿರಲು ದೇಹವು ಈ ಕೆಲಸವನ್ನು ನಡೆಯಿಸುವುದು ಹೇಗೆ? ಗದಗ-ಬೆಟಗೇರಿಯ ನೇಕಾರರ ಮನೆಯನ್ನು ನೋಡಿದವರಿಗೆ ಇದರ ಉತ್ತರವನ್ನು ತಿಳಿಯುವುದು ಕಷ್ಟವಲ್ಲ. ನೇಕಾರನ ಮನೆಯಲ್ಲಿ ಸೀರೆಗೊಂದು ಬಣ್ಣದ ನೂಲು ಇರುವುದಿಲ್ಲ. ಕೆಲವೇ ಬಣ್ಣಗಳಿಂದ ಅವನು ಬಗೆಬಗೆಯ ದಡಿಗಳನ್ನು ಹೊಂದಿಸುವನು. ಅದರಂತೆಯೇ ಪ್ರತಿಕಾಯದ ದೊಡ್ಡ ಸರಪಣಿಯನ್ನು ನೇಯುವ ವಂಶವಾಹಿಯು ಹದಿನಾಲ್ಕನೆಯ ವರ್ಣತಂತುವಿನಲ್ಲಿ ಬಿಡಿಬಿಡಿಯಾದ ತುಂಡುಗಳಾಗಿ ಇದೆ. ವಿ ಎಂಬ ಹೆಸರಿನ, ಕೆಲಸಕ್ಕೆ ಬರುವ ತುಂಡುಗಳು ಸುಮಾರು ೪೦. ಡಿ ಎಂಬವು ಇಪ್ಪತ್ತಕ್ಕೆ ಮಿಕ್ಕಿ. ಜೆ ಎಂಬವು ೬. ಎಳೆಯ ಬಿ-ಕೋಶವು ಪ್ರತಿಯೊಂದು ಗುಂಪಿನಿಂದಲೂ ಒಂದೊಂದು ತುಂಡನ್ನು ಆರಿಸಿ, ನಡುವಿನದನ್ನು ಕತ್ತರಿಸಿ ಬಿಸಾಡಿ, ಆರಿಸಿದ ಮೂರನ್ನು ಜೋಡಿಸುವುದು. ಇಷ್ಟರಿಂದಲೇ ಐದು ಸಾವಿರದಷ್ಟು ಬಗೆಗಳಾಗುವುವು. ಅಲ್ಲದೆ ಗಂಟು ಹಾಕುವ ಸ್ಥಳದಲ್ಲಿ ಕೆಲವು ಅಕ್ಷರಗಳು ಕಡಿದುಹೋಗುವುವು, ಕೆಲವು ಯಾವ ಮಾದರಿಯೂ ಇಲ್ಲದೆ ಹೊಸದಾಗಿ ಸೇರುವುವು. ಆದಕಾರಣ ಎರಡು ಕೋಶಗಳ ಗಂಟು ತಾನಾಗಿ ಒಂದೇ ತೆರನಾಗುವುದು ಬಹು ಅಪರೂಪ. ಟಿ-ಕೋಶಗಳು ತಮ್ಮ ಗ್ರಾಹಕದ ವಂಶವಾಹಿಗಳನ್ನು ಇದೇ ವಿಧದಲ್ಲಿ, ಆದರೆ ಬೇರೆ ಸ್ಥಳಗಳಲ್ಲಿ ಜೋಡಿಸಿಕೊಳ್ಳುವುವು. ಅವುಗಳಲ್ಲಿ ಬೀಟಾ ಮತ್ತು ಗಾಮಾ ಎಂಬವು ಏಳನೆಯ ವರ್ಣತಂತುವಿನಲ್ಲಿವೆ. ಎರಡು ವಂಶಗಳಿಗೂ ಕತ್ತರಿ ಮಾತ್ರ ಒಂದೇ. ರ್ಯಾಗ್ ಎಂಬ ಆ ಕತ್ತರಿಯ ಎರಡು ಅಲಗುಗಳನ್ನು ೧೯೮೯ ಮತ್ತು ೧೯೯೦ರಲ್ಲಿ ಡೇವಿಡ್ ಶಾಟ್ಸ್, ಮಾರ್ಜರಿ ಒಟಿಂಜರ್, ಡೇವಿಡ್ ಬಾಲ್ಟಿಮೋರ್ ಎಂಬವರು ಕಂಡುಹಿಡಿದರು.

ವಂಶವಾಹಿಯು ಹುಟ್ಟಿನಿಂದ ಸಾವಿನವರೆಗೆ ಅಳಿಯದ ಲಿಪಿಯೆಂದು ವಿದ್ವಾಂಸರು ನಂಬಿದ್ದ ಕಾಲದಲ್ಲಿ, ಕೋಶವು ಅದನ್ನೇ ಕತ್ತರಿಸಿ ಜೋಡಿಸುವುದೆಂಬ ಮಾತು ವಿಪರೀತವಾಗಿ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ೧೯೬೫ರಲ್ಲಿ ಡ್ರೈಯರ್ ಮತ್ತು ಬೆನೆಟ್ ಎಂಬ ಇಬ್ಬರು ಈ ಊಹೆಯನ್ನು ಮಾಡಿದ್ದರೂ ಸಾಕ್ಷ್ಯವು ದೊರೆತದ್ದು ೧೯೭೬ರಲ್ಲಿ. ಸುಸುಮು ತೊನೆಗಾವಾ ಮತ್ತು ನೊಬುಮಿಚಿ ಹೊಜುಮಿ ಎಂಬ ಜಪಾನೀ ವಿಜ್ಞಾನಿಗಳು ಇಲಿಯ ಭ್ರೂಣದ ಡಿ.ಎನ್.ಎ.ಯನ್ನೂ, ಪ್ರತಿಕಾಯವನ್ನು ತಯಾರಿಸುವ ಇಲಿಯ ಅರ್ಬುದದ ಡಿ.ಎನ್.ಎ.ಯನ್ನೂ ಒಂದೇ ವಿಧವಾಗಿ ತುಂಡರಿಸಿ ಹೋಲಿಸಿದರು. ಭ್ರೂಣದಲ್ಲಿ ಎರಡು ಬೇರೆ ಬೇರೆ ತುಂಡುಗಳಲ್ಲಿದ್ದ ಭಾಗಗಳು ಅರ್ಬುದದಲ್ಲಿ ಒಂದೇ ತುಂಡಿನಲ್ಲಿ ಕೂಡಿಕೊಂಡಿದ್ದವು. ತೊನೆಗಾವಾ ಅವರಿಗೆ ೧೯೮೭ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಈ ಕೆಲಸವು ನಡೆದ ಊರು ಸ್ವಿಟ್ಜರ್ಲಂಡಿನ ಬಾಸೆಲ್. ೧೮೩೪ರಲ್ಲಿ ಮಂಗಳೂರಿಗೆ ಬಂದು, ಮುಂದೆ ಧಾರವಾಡ, ಬೆಟಗೇರಿಗಳವರೆಗೂ ಶಾಲೆಗಳನ್ನು ತೆರೆದ ಮಿಶನ್ನಿಗೆ ಹೆಸರನ್ನು ಕೊಟ್ಟ ಊರೇ ಇದು. ನಮ್ಮ ಕಡೆಯವರು ಅಜ್ಜ ಮುತ್ತಜ್ಜರ ಕಾಲದಿಂದ ಕೇಳಿಬಂದ ಹೆಸರು ವಿಜ್ಞಾನದ ಇತಿಹಾಸದಲ್ಲಿಯೂ ಹೀಗೆ ಎದುರಾಗುವುದು ನಮಗೆ ಸಂತೋಷದ ಸಂಗತಿ.

ಇನ್ನು ಇದು ರೋಗನಿರ್ಣಯಕ್ಕೆ ಹೇಗೆ ಉಪಯೋಗವಾಗುವುದೆಂಬುದನ್ನು ನೋಡೋಣ. ಒಮ್ಮೆ ಜೋಡಿಸಿದ ಗಂಟನ್ನು ಕೋಶವು ತನ್ನ ಮರಿಗಳಿಗೆಲ್ಲ ದಾಟಿಸುವುದು. ಸಂತೆಯಲ್ಲಿ ನೂರು ಮಗ್ಗಗಳ ನೂರು ಸೀರೆಗಳನ್ನು ಒಟ್ಟಿದರೆ ದಡಿಗಳೆಲ್ಲ ಬೇರೆ ಬೇರೆಯಾಗಿ ಕಾಣುವುವು. ನೂರಕ್ಕೆ ನೂರರಲ್ಲಿಯೂ ಒಂದೇ ದಡಿ, ಒಂದೇ ಸ್ಥಳದಲ್ಲಿ ಒಂದೇ ಎಳೆಯ ತಪ್ಪು ಇದ್ದರೆ, ಅವೆಲ್ಲ ಒಂದೇ ಮಗ್ಗದಿಂದ ಇಳಿದವೆಂದು ಎಳೆಯ ಹುಡುಗಿಯೂ ಹೇಳುವಳು. ಕ್ಷಯದಿಂದಲೋ ಬೇರೆ ಸೋಂಕಿನಿಂದಲೋ ಬಾತ ಗ್ರಂಥಿಯಲ್ಲಿ ಸಾವಿರಾರು ಬೇರೆ ಬೇರೆ ಕೋಶಗಳು ಯುದ್ಧಕ್ಕೆ ಬಂದು ನೆರೆದಿರುವುದರಿಂದ ಗಂಟುಗಳೂ ಸಾವಿರ ಬಗೆಯವು. ಲಿಂಫೋಮದಲ್ಲಾದರೋ ಕೆಟ್ಟ ಕೋಶವೊಂದೇ ಬೆಳೆದು ಕೋಟಿಯಾಗಿರುವುದರಿಂದ ಎಲ್ಲವುಗಳ ಗಂಟೂ ಒಂದೇ. ೧೯೮೩ರಲ್ಲಿ ಅಮೇರಿಕೆಯ ಆಂಡ್ರೂ ಆರ್ನಲ್ಡ್, ಎಲೇನ್ ಜಾಫೆ, ಥಾಮಸ್ ವಾಲ್ಡ್‌ಮನ್, ಸ್ಟ್ಯಾನ್ಲಿ ಕೋರ್ಸ್‌ಮಯರ್ ಮೊದಲಾದವರು ಇದನ್ನು ರೋಗಿಗಳ ಅರ್ಬುದಗಳಲ್ಲಿ ತೋರಿಸಿಕೊಟ್ಟರು. ಮರುವರುಷವೇ ಟಿ-ಕೋಶದ ಗ್ರಾಹಕದ ವಂಶವಾಹಿಯು ಪತ್ತೆಯಾಗಿ, ಟಿ-ಕೋಶಗಳ ಅರ್ಬುದಕ್ಕೂ ಇಂಥ ಗುರುತು ದೊರೆಯಿತು.

ಆಗಿನ ಪರೀಕ್ಷೆಗೆ ತಾಜಾ ಮಾಂಸದ ದೊಡ್ಡ ತುಂಡೂ ಹಲವು ದಿನಗಳೂ ಬೇಕಾಗುತ್ತಿದ್ದವು. ಈಗ ಪಿ.ಸಿ.ಆರ್. ಎಂಬ, ಒಂದು ತುಣುಕನ್ನು ಕೋಟಿ ಪಟ್ಟು ನಕಲು ಮಾಡುವ ಉಪಾಯದಿಂದ ಸ್ವಲ್ಪ ಅಂಶವೇ ಸಾಕಾಗುವುದು. ೨೦೦೩ರಲ್ಲಿ ಯುರೋಪಿನ ಅನೇಕ ಪ್ರಯೋಗಶಾಲೆಗಳು ಕೂಡಿ ಬಯೋಮೆಡ್-೨ ಎಂಬ ಹೆಸರಿನಿಂದ ಹದಿನೆಂಟು ಕೊಳವೆಗಳ ಒಂದು ಏಕರೀತಿಯ ಪದ್ಧತಿಯನ್ನು ಪ್ರಕಟಿಸಿದವು. ಲೋಕದ ಬಹುಭಾಗದಲ್ಲಿ ಈ ಪದ್ಧತಿಯೋ ಇದರಿಂದ ಹುಟ್ಟಿದ ಪದ್ಧತಿಯೋ ಬಳಕೆಯಲ್ಲಿದೆ. ನಕಲಾದ ತುಣುಕುಗಳನ್ನು ಉದ್ದದ ಮೇರೆಗೆ ಯಂತ್ರವು ಸಾಲಾಗಿ ನಿಲ್ಲಿಸುವುದು. ಸೋಂಕಿನ ಗ್ರಂಥಿಯಾದರೆ ಉದ್ದಗಳು ಹಲವಾಗಿ, ರೇಖೆಯು ರಾಗಿಯ ರಾಶಿಯಂತೆ ನಡುವೆ ಎತ್ತರವಾಗಿ ಎರಡು ಕಡೆಗೂ ಇಳಿಯುವುದು. ಒಂದೇ ಕೋಶದ ಸಂತತಿಯಾದರೆ ಧ್ವಜಸ್ತಂಭದಂತೆ ಒಂದೇ ಮೊನೆಯು ಎದ್ದು ನಿಲ್ಲುವುದು.

ಇಲ್ಲಿ ವಾಚಕರು ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು. ಈ ಪರೀಕ್ಷೆಗೆ ನಾವು ಎರಡು ಪ್ರಶ್ನೆಗಳನ್ನು ಕೇಳುತ್ತೇವೆ. ಈ ಕೋಶಗಳೆಲ್ಲ ಒಂದೇ ತಾಯಿಯ ಮಕ್ಕಳೋ ಎಂಬುದು ಮೊದಲನೆಯದು. ಆ ತಾಯಿಯು ಬಿ ಮನೆತನದವಳೋ ಟಿ ಮನೆತನದವಳೋ ಎಂಬುದು ಎರಡನೆಯದು. ಮೊದಲನೆಯದಕ್ಕೆ ಇದು ಕೊಡುವ ಉತ್ತರವು ಗಟ್ಟಿಯಾದದ್ದು. ಎರಡನೆಯದಕ್ಕೆ ಕೊಡುವ ಉತ್ತರವನ್ನು ವಿಚಾರಿಸಿ ಒಪ್ಪತಕ್ಕದ್ದು. ಪ್ರತಿಕಾಯದ ವಂಶವಾಹಿಯು ಜೋಡಣೆಯಾಗಿದ್ದರೆ ಬಿ, ಗ್ರಾಹಕದ ವಂಶವಾಹಿಯು ಜೋಡಣೆಯಾಗಿದ್ದರೆ ಟಿ ಎಂಬುದು ಸಾಮಾನ್ಯ ನಿಯಮವೇನೋ ಸರಿ. ಆದರೆ ಮೇಲೆ ಹೇಳಿದಂತೆ ಎರಡು ಮನೆಗಳಿಗೂ ಕತ್ತರಿ ಒಂದೇ ಆದುದರಿಂದ, ಎಳೆಯ ಕೋಶಗಳಲ್ಲಿ ಅದು ಕೆಲವು ವೇಳೆ ನೆರೆಮನೆಯ ನೂಲನ್ನೂ ಕತ್ತರಿಸಿಬಿಡುವುದು. ಬಿ-ಕೋಶದ ಬಾಲ್ಯಾವಸ್ಥೆಯಿಂದ ಹುಟ್ಟುವ ಮಕ್ಕಳ ರಕ್ತಾರ್ಬುದಗಳಲ್ಲಿ ಅನೇಕವು ಟಿ-ಗ್ರಾಹಕದ ಗಾಮಾ ವಂಶವಾಹಿಯನ್ನೂ ಜೋಡಿಸಿಕೊಂಡಿರುವುವು. ಅದನ್ನೊಂದನ್ನೇ ನೋಡಿ ಟಿ ಎಂದು ತೀರ್ಮಾನಿಸಿದರೆ ಪ್ರಮಾದವಾಗುವುದು. ಎನ್.ಕೆ. ಕೋಶಗಳಾದರೋ ಎರಡನ್ನೂ ಜೋಡಿಸುವುದಿಲ್ಲ; ಅವುಗಳ ಅರ್ಬುದದಲ್ಲಿ ಲಿಪಿಯು ಹುಟ್ಟಿದಂತೆಯೇ ಇರುವುದು.

ಒಂದೇ ತಾಯಿಯ ಸಂತತಿಯೆಂದು ಕಂಡೊಡನೆ ಅದು ಅರ್ಬುದವೇ ಎಂದು ಹೇಳುವುದೂ ಸಲ್ಲದು. ಕೆಲವು ಸೋಂಕುಗಳಲ್ಲಿ, ವೃದ್ಧರಲ್ಲಿ, ನಿರಪಾಯವಾದ ಸಣ್ಣ ಸಂತತಿಗಳು ಇರುವುದುಂಟು. ಪರೀಕ್ಷೆಗೆ ಬಂದ ಚೂರಿನಲ್ಲಿ ಕೋಶಗಳು ತೀರ ಕಡಿಮೆಯಿದ್ದರೆ ಸುಳ್ಳು ಮೊನೆಯೂ ತೋರುವುದು. ಇದಕ್ಕೆ ವಿರುದ್ಧವಾಗಿ, ಬೆಳೆದ ಬಿ-ಕೋಶಗಳು ತಮ್ಮ ಲಿಪಿಯಲ್ಲಿ ಮತ್ತೆ ಮತ್ತೆ ಅಕ್ಷರಗಳನ್ನು ಬದಲಾಯಿಸಿಕೊಳ್ಳುವುದರಿಂದ, ನಿಜವಾದ ಅರ್ಬುದವಿದ್ದರೂ ಪರೀಕ್ಷೆಯು ಕುರುಡಾಗುವ ಸಂಭವವುಂಟು. ಆದುದರಿಂದ ಮೊದಲ ಸ್ಥಾನವು ಇಂದಿಗೂ ಸೂಕ್ಷ್ಮದರ್ಶಕಕ್ಕೂ, ಕೋಶಗಳ ಮೈಮೇಲಿನ ಗುರುತುಗಳಿಗೆ ಬಣ್ಣ ಹಚ್ಚುವ ಪರೀಕ್ಷೆಗೂ ಸಲ್ಲುವುದು. ಸಿ.ಡಿ.೨೦ ಎಂಬ ಗುರುತು ಬಿ-ಕೋಶದ್ದು, ಸಿ.ಡಿ.೩ ಎಂಬುದು ಟಿ-ಕೋಶದ್ದು. ಈ ಗುರುತುಗಳು ಕೇವಲ ಹೆಸರಿಗಲ್ಲ. ೧೯೯೭ರಲ್ಲಿ ಬಳಕೆಗೆ ಬಂದ ರಿಟುಕ್ಸಿಮಾಬ್ ಎಂಬ ಔಷಧವು ಸಿ.ಡಿ.೨೦ನ್ನೇ ಹುಡುಕಿ ಹಿಡಿಯುವುದರಿಂದ ಬಿ-ಕೋಶದ ಲಿಂಫೋಮಗಳಲ್ಲಿ ಅದು ಬಹು ಉಪಕಾರಿ. ಆ ಗುರುತಿಲ್ಲದ ಟಿ-ಕೋಶದ ಲಿಂಫೋಮಕ್ಕೆ ಅದನ್ನು ಕೊಟ್ಟರೆ ಹಣವು ವ್ಯರ್ಥ, ಕಾಲವೂ ವ್ಯರ್ಥ. ಬಣ್ಣದ ಪರೀಕ್ಷೆಯಿಂದ ಸಂಶಯವು ತೀರದಿದ್ದಲ್ಲಿ ವಂಶವಾಹಿಯ ಜೋಡಣೆಯನ್ನು ಸಾಕ್ಷಿಗೆ ಕರೆಯುವರು. ಒಬ್ಬನೇ ಸಾಕ್ಷಿಯ ಮಾತಿನಿಂದ ಇಲ್ಲಿ ತೀರ್ಪಾಗುವುದಿಲ್ಲ.

ಈ ಸಾಕ್ಷಿಯು ಅತ್ಯಂತ ಪ್ರಸಿದ್ಧವಾದ ಒಂದು ವ್ಯಾಜ್ಯವನ್ನು ತೀರಿಸಿದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ೧೮೩೨ರಲ್ಲಿ ಲಂಡನ್ನಿನ ಥಾಮಸ್ ಹಾಜ್ಕಿನ್ ಎಂಬ ವೈದ್ಯನು ಗ್ರಂಥಿಗಳು ಬಾತು ಸತ್ತ ಕೆಲವು ರೋಗಿಗಳ ವೃತ್ತಾಂತವನ್ನು ಬರೆದನು. ಮುಂದೆ ಈ ರೋಗಕ್ಕೆ ಅವನ ಹೆಸರೇ ಬಂದಿತು. ೧೮೯೮ರಲ್ಲಿ ಕಾರ್ಲ್ ಸ್ಟರ್ನ್‌ಬರ್ಗ್ ಎಂಬವನು ಆ ಗ್ರಂಥಿಗಳಲ್ಲಿರುವ ದೈತ್ಯಾಕಾರದ ಕೋಶಗಳನ್ನು ವರ್ಣಿಸಿದನು. ಆದರೆ ಇದು ಕ್ಷಯದ ಒಂದು ಬಗೆಯೆಂದೇ ಅವನ ಅಭಿಪ್ರಾಯ. ೧೯೦೨ರಲ್ಲಿ ಅಮೇರಿಕೆಯ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯಶಾಲೆಯಲ್ಲಿ ಡೊರೋಥಿ ರೀಡ್ ಎಂಬ ತರುಣ ವೈದ್ಯೆಯು ಆ ಕೋಶವನ್ನು, ಗೂಬೆಯ ಎರಡು ಕಣ್ಣುಗಳಂತೆ ಹೊಳೆಯುವ ಅದರ ನಡುಬೀಜಗಳೊಡನೆ, ಸ್ಪಷ್ಟವಾಗಿ ಚಿತ್ರಿಸಿ, ಇದು ಕ್ಷಯವಲ್ಲ, ಬೇರೆಯೇ ವ್ಯಾಧಿಯೆಂದು ಸಾಧಿಸಿದಳು. ಗಂಡಮಾಲೆಯೋ ಅಲ್ಲವೋ ಎಂಬ ನಮ್ಮ ಮೊದಲಿನ ಪ್ರಶ್ನೆಗೆ ಹೀಗೆ ಸರಿಯಾದ ಉತ್ತರವನ್ನು ಕೊಟ್ಟವಳು ಒಬ್ಬ ಸ್ತ್ರೀ. ಸ್ತ್ರೀಯರಿಗೆ ಅಲ್ಲಿ ಮೇಲಿನ ಅಧ್ಯಾಪಕ ಪದವಿಗೆ ದಾರಿಯಿಲ್ಲವೆಂದು ತಿಳಿದು ಅವಳು ಅದೇ ವರುಷ ಆ ಸ್ಥಳವನ್ನು ಬಿಟ್ಟಳು. ಕೋಶಕ್ಕೆ ಮಾತ್ರ ಇಂದಿಗೂ ರೀಡ್-ಸ್ಟರ್ನ್‌ಬರ್ಗ್ ಕೋಶವೆಂದೇ ಹೆಸರು.

ಆದರೆ ಆ ಕೋಶವು ಯಾವ ವಂಶದ್ದು? ಈ ಪ್ರಶ್ನೆಯು ಮತ್ತೆ ತೊಂಬತ್ತು ವರುಷಗಳವರೆಗೆ ತೀರಲಿಲ್ಲ. ಅದರ ಮೈಮೇಲೆ ಬಿ-ಕೋಶದ ಗುರುತುಗಳು ಬಹುಮಟ್ಟಿಗೆ ಅಳಿಸಿಹೋಗಿರುವುವು. ಟಿ-ಕೋಶದ ಗುರುತೂ ಸಾಮಾನ್ಯವಾಗಿ ಇರುವುದಿಲ್ಲ. ಗ್ರಂಥಿಯಲ್ಲಿ ಅವುಗಳ ಸಂಖ್ಯೆಯೋ ನೂರಕ್ಕೆ ಒಂದರಷ್ಟು. ಉಳಿದುದೆಲ್ಲ ಸುತ್ತ ನೆರೆದ ನಿರಪರಾಧಿಗಳ ಗುಂಪು. ಗ್ರಂಥಿಯನ್ನು ಇಡಿಯಾಗಿ ಅರೆದು ಪರೀಕ್ಷಿಸಿದರೆ ಆ ಒಂದರ ದನಿಯು ನೂರರ ಗದ್ದಲದಲ್ಲಿ ಕೇಳಿಸುತ್ತಿರಲಿಲ್ಲ. ೧೯೯೪ರಲ್ಲಿ ಜರ್ಮನಿಯ ರಾಲ್ಫ್ ಕ್ಯುಪರ್ಸ್, ಕ್ಲಾಸ್ ರಾಯೆವ್ಸ್ಕಿ, ಮಾರ್ಟಿನ್-ಲಿಯೊ ಹನ್ಸ್‌ಮನ್ ಮೊದಲಾದವರು ಗಾಜಿನ ಮೇಲಿನ ತೆಳುಪದರದಿಂದ ಈ ಕೋಶಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದು, ಒಂದೊಂದರ ಡಿ.ಎನ್.ಎ.ಯನ್ನೂ ಬೇರೆ ಬೇರೆಯಾಗಿ ನಕಲು ಮಾಡಿ ಓದಿದರು. ಪ್ರತಿಕಾಯದ ವಂಶವಾಹಿಯು ಜೋಡಣೆಯಾಗಿದ್ದಿತು. ಒಬ್ಬ ರೋಗಿಯ ಕೋಶಗಳಲ್ಲಿ ಜೋಡಣೆಯು ಒಂದೇ ಆಗಿದ್ದಿತು. ಅವು ಬಿ-ಕೋಶಗಳು, ಒಂದೇ ತಾಯಿಯ ಮಕ್ಕಳು. ಎರಡು ವರುಷಗಳ ತರುವಾಯ ಅದೇ ಪಂಗಡದವರು ಕೆಲವು ರೋಗಿಗಳ ಕೋಶಗಳಲ್ಲಿ ಆ ಲಿಪಿಯು ಪ್ರತಿಕಾಯವನ್ನು ಮಾಡಲಾರದಷ್ಟು ಕೆಟ್ಟಿರುವುದನ್ನೂ ತೋರಿಸಿದರು. ಕೆಲಸವು ನಿಂತುಹೋಗಿತ್ತು, ಲಿಪಿಯು ಉಳಿದಿತ್ತು. ಬಹು ಕೆಲವು ರೋಗಿಗಳಲ್ಲಿ ಈ ಕೋಶವು ಟಿ ವಂಶದ್ದಾಗಿರುವುದೂ ಮುಂದೆ ತಿಳಿದುಬಂದಿತು.

ಡಂಬಳವನ್ನು ಬಲ್ಲವರಿಗೆ ಇದನ್ನು ಮನಗಾಣಿಸುವುದು ಸುಲಭ. ಇಂದು ಆ ಊರಿಗೆ ಹೋದವರು ನಕ್ಷತ್ರಾಕಾರದ ದೊಡ್ಡಬಸಪ್ಪನ ಗುಡಿಯನ್ನೂ ಹಳೆಯ ದೊಡ್ಡ ಕೆರೆಯನ್ನೂ ನೋಡಿ ಬರುವರು. ಅಲ್ಲಿ ಬುದ್ಧನ ಅನುಯಾಯಿಗಳು ಇದ್ದರೆಂಬುದಕ್ಕೆ ಊರಿನ ಈಗಿನ ಜೀವನದಲ್ಲಿ ಯಾವ ಗುರುತೂ ಇಲ್ಲ. ಆದರೆ ಕ್ರಿ.ಶ. ೧೦೯೫ರ ಶಾಸನವೊಂದು ಇಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನೂ ತಾರಾದೇವಿಯನ್ನೂ ಹೆಸರಿಸುತ್ತದೆ. ಪೂಜೆಯು ನಿಂತಿತು, ಕಲ್ಲಿನ ಮೇಲಿನ ಬರವಣಿಗೆಯು ನಿಂತುಕೊಂಡಿತು. ರೀಡ್-ಸ್ಟರ್ನ್‌ಬರ್ಗ್ ಕೋಶದೊಳಗಿನ ಜೋಡಣೆಯೂ ಅಂಥದೇ ಶಾಸನ.

ಜೋಡಣೆಯ ಕತ್ತರಿಯು ದಾರಿತಪ್ಪಿದರೆ ಅದೇ ಅರ್ಬುದಕ್ಕೆ ಬೀಜವಾಗುವುದೆಂಬುದನ್ನೂ ಇಲ್ಲಿ ಸೂಚಿಸಬೇಕು. ಫಾಲಿಕ್ಯುಲರ್ ಲಿಂಫೋಮವೆಂಬ ಬಿ-ಕೋಶದ ಅರ್ಬುದದಲ್ಲಿ ಹದಿನೆಂಟನೆಯ ವರ್ಣತಂತುವಿನ ಒಂದು ತುಂಡು ಹದಿನಾಲ್ಕನೆಯದಕ್ಕೆ, ಪ್ರತಿಕಾಯದ ವಂಶವಾಹಿಯ ಪಕ್ಕಕ್ಕೇ, ಬಂದು ಅಂಟಿಕೊಂಡಿರುವುದು. ಆ ಸ್ಥಳವೇ ಏಕೆ ಮುರಿಯುವುದೆಂಬುದನ್ನು ಕುರಿತು ೨೦೦೪ರಲ್ಲಿ ಅಮೇರಿಕೆಯಲ್ಲಿ ಪ್ರಬಂಧವನ್ನು ಪ್ರಕಟಿಸಿದವರಲ್ಲಿ ಮೊದಲಿಗರಾದ ಸತೀಸ್ ರಾಘವನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗಕ್ಕೆ ಬಂದು, ಈ ಕತ್ತರಿಯ ನಡೆಯನ್ನೂ ವರ್ಣತಂತುಗಳು ಮುರಿಯುವ ಬಗೆಯನ್ನೂ ಶೋಧಿಸುವ ಕೆಲಸವನ್ನು ನಡೆಯಿಸಿದರು.

ಇನ್ನು ಡಂಬಳದ ನಮ್ಮ ಬಾಲಕಿಯ ತಂದೆತಾಯಿಗಳು ಏನು ಮಾಡತಕ್ಕದ್ದು? ಎರಡು ಮೂರು ವಾರಗಳಾದರೂ ಕರಗದ, ಬೆಳೆಯುತ್ತಲೇ ಇರುವ ಗಂಟನ್ನು ಮುಂಡರಗಿಯಲ್ಲಿಯೋ, ೨೦೧೫ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವು ಆರಂಭವಾದ ಗದಗಿನಲ್ಲಿಯೋ ತೋರಿಸಬೇಕು. ಸೂಜಿಯಿಂದ ಹೀರಿ ತೆಗೆಯುವ ಪರೀಕ್ಷೆಯು ಮೊದಲ ಹೆಜ್ಜೆಗೆ ಒಳ್ಳೆಯದು. ಕ್ಷಯದ ಕ್ರಿಮಿಯನ್ನು ಅದರಲ್ಲಿ ಹುಡುಕಬಹುದು. ಆದರೆ ಲಿಂಫೋಮದ ಸಂಶಯವಿದ್ದರೆ ಅದು ಸಾಲದು, ಗ್ರಂಥಿಯನ್ನು ಇಡಿಯಾಗಿ ತೆಗೆದು ಪರೀಕ್ಷಿಸುವ ಬಯಾಪ್ಸಿಯು ಬೇಕು. ಹಾಜ್ಕಿನ್ ರೋಗದ ಗ್ರಂಥಿಯಲ್ಲಿಯೂ ಕ್ಷಯದಲ್ಲಿರುವಂಥ ಕಣಗುಂಪುಗಳು ಕಾಣಿಸುವುದುಂಟಾದುದರಿಂದ ಸೂಜಿಯ ಚೂರು ಮೋಸಮಾಡಬಹುದು. ಕ್ಷಯದ ಔಷಧವನ್ನು ಆರಂಭಿಸಿದ ಬಳಿಕ ಕೆಲವರಲ್ಲಿ ಗಂಟು ಮೊದಲು ಸ್ವಲ್ಪ ದೊಡ್ಡದಾಗುವುದೂ ಉಂಟು. ಅಷ್ಟರಿಂದಲೇ ಹೆದರಿ ಔಷಧವನ್ನು ಬಿಡಬಾರದು, ವೈದ್ಯರಿಗೆ ತಿಳಿಸಬೇಕು. ಬಯಾಪ್ಸಿಗೆ ಮೊದಲು ಸ್ಟೆರಾಯಿಡ್ ಗುಳಿಗೆಗಳನ್ನು ನುಂಗಿಸಿದರೆ ಲಿಂಫೋಮದ ಕೋಶಗಳು ಕರಗಿ, ಗಂಟು ಇಳಿದಂತೆ ತೋರಿ, ಗುರುತು ಸಿಕ್ಕದೆ ಹೋಗುವುದು. ಗಂಟು ಇಳಿಯಿತೆಂದು ಮನೆಯವರು ಸಂತೋಷಪಡುವ ಈ ಸಂದರ್ಭವೇ ನಮ್ಮ ಎಣಿಕೆಯಲ್ಲಿ ಎಲ್ಲಕ್ಕಿಂತಲೂ ಅಪಾಯದ್ದು.

ತೆಗೆದ ಗ್ರಂಥಿಯನ್ನು ಫಾರ್ಮಲಿನ್ ದ್ರವದಲ್ಲಿಟ್ಟು, ಬಳಿಕ ಮೇಣದಲ್ಲಿ ಹುದುಗಿಸುವರು. ಆಸ್ಪತ್ರೆಯವರು ಬ್ಲಾಕ್ ಎನ್ನುವುದು ಇದನ್ನೇ. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗಾಗಲಿ, ೧೯೭೩ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಾಗಲಿ ಹೋಗಬೇಕಾಗಿ ಬಂದರೆ, ವರದಿಯ ಕಾಗದವೊಂದನ್ನೇ ಅಲ್ಲದೆ ಈ ಬ್ಲಾಕನ್ನೂ ಗಾಜಿನ ಪಟ್ಟಿಗಳನ್ನೂ ಕೇಳಿ ಪಡೆದು, ಬಿಸಿಲಿಗೆ ಒಡ್ಡದೆ ಒಯ್ಯಬೇಕು. ಬಣ್ಣದ ಪರೀಕ್ಷೆಯೂ ವಂಶವಾಹಿಯ ಪರೀಕ್ಷೆಯೂ ಅದರಿಂದಲೇ ಆಗತಕ್ಕವು. ಕೆಲಸವು ಮುಗಿದ ಮೇಲೆಯೂ ಅದನ್ನು ಕಳೆಯಬಾರದು. ಗುಣಹೊಂದಿದ ರೋಗಿಗೆ ವರುಷಗಳ ಮೇಲೆ ಮತ್ತೆ ಗಂಟು ಎದ್ದರೆ, ಹಳೆಯ ರೋಗವೇ ಮರಳಿತೋ ಅಥವಾ ಹೊಸದೊಂದು ಹುಟ್ಟಿತೋ ಎಂಬ ಪ್ರಶ್ನೆಯು ಬರುವುದು. ಚಿಕಿತ್ಸೆಯು ಇದರ ಮೇಲೆ ನಿಂತಿರುವುದು. ಆಗ ವೈದ್ಯರು ಹೊಸ ಗಂಟಿನ ಜೋಡಣೆಯನ್ನು ಹಳೆಯ ಬ್ಲಾಕಿನ ಜೋಡಣೆಯೊಡನೆ ಇಟ್ಟು ನೋಡುವರು. ಫಾರ್ಮಲಿನ್ನಿನಲ್ಲಿ ಬಹುಕಾಲ ನೆನೆದ ಮಾಂಸದ ಡಿ.ಎನ್.ಎ.ಯು ತುಂಡುತುಂಡಾಗಿರುವುದಾದರೂ, ಚೆನ್ನಾಗಿ ತಯಾರಿಸಿದ ಬ್ಲಾಕಿನಲ್ಲಿ ಹಲವು ವರುಷಗಳ ಮೇಲೆಯೂ ಆ ಚಿಕ್ಕ ಗಂಟಿನಷ್ಟು ಅಕ್ಷರಗಳನ್ನು ಓದಬಹುದಾಗಿದೆ.